ನೇರ ನಡೆಯದ ಆಮೆ

ಕಳೆದ ಭಾನುವಾರ ಮೈಸೂರಿನ ಅಕ್ಕನ ಮನೆಯಲ್ಲಿ ಒಂದು ರೋಬಾಟ್ ಮೊದಲ ಹೆಜ್ಜೆ ಇಟ್ಟಿತು. ಅಂಗೈಯಗಲದ ಅಕ್ರಿಲಿಕ್ ಹಲಗೆ, ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ‘ಬಿ.ಓ. ಮೋಟರ್’ ಎಂದರೆ ಎತ್ತಿಕೊಡುವ ಹಳದಿ ಮೋಟರ್ ಎರಡು, ಬೆನ್ನ ಮೇಲೆ ಅವನ್ನು ಆಡಿಸುವ ಆರ್ಡುಯಿನೊ ಊನೊ ಬೋರ್ಡು. ಅಕ್ಕನ ಏಳನೇ ಕ್ಲಾಸಿನ ಮಗಳು ಬರೆದ ಪ್ರೋಗ್ರಾಂ ಕೇಳಿದ್ದು ಇಷ್ಟೇ: ಎರಡು ಸೆಕೆಂಡು ಮುಂದೆ ಹೋಗು, ನಿಲ್ಲು.

ಕಿಟ್‌ನ ಪೆಟ್ಟಿಗೆಯ ಮೇಲೆ ‘ಹತ್ತೇ ನಿಮಿಷದಲ್ಲಿ ಕೋಡಿಂಗ್’ ಎಂದಿತ್ತು. ನಮಗೆ ಮಧ್ಯಾಹ್ನದ ಊಟ ತಣ್ಣಗಾಯಿತು. ಪೋರ್ಟ್ ತಪ್ಪಾಗಿ ಆರಿಸಿ ‘ನಾಟ್ ಇನ್ ಸಿಂಕ್’ ಎಂದು ಬೈಸಿಕೊಂಡೆವು. ಆಮೇಲೆ ರೋಬಾಟ್ ನಿಂತಲ್ಲೇ ಬುಗುರಿಯಾಯಿತು. ಒಂದು ಮೋಟರಿನ ವೈರುಗಳು ಅದಲುಬದಲಾಗಿದ್ದವು. ಅದನ್ನೂ ಸರಿಪಡಿಸಿದ ಮೇಲೆ ಹೊರಟಿತು, ಎಡಕ್ಕೆ ವಾಲಿಕೊಂಡು ಸೀದಾ ಸೋಫಾದ ಅಡಿಗೆ.

‘ಮಾವ, ಎರಡಕ್ಕೂ 180 ಅಂತಲೇ ಬರೆದಿದ್ದೀನಿ!’

ಬರೆದದ್ದೇನೋ ನಿಜ. ವೇಗದ ಅಳತೆ 0ಯಿಂದ 255. ಆದರೆ ಒಂದೇ ಅಚ್ಚಿನ ಎರಡು ಮೋಟರುಗಳೂ ಅಣ್ಣತಮ್ಮಂದಿರಂತೆ: ಒಂದರ ಗೇರಿನಲ್ಲಿ ತುಸು ಬಿಗಿ, ಇನ್ನೊಂದು ಚುರುಕು. ಚಕ್ರ ಎಷ್ಟು ಸುತ್ತಿತೆಂದು ಎಣಿಸುವ ಎನ್‌ಕೋಡರ್ ನಮ್ಮದರಲ್ಲಿಲ್ಲ. ಅಂದರೆ ಅದು ಕುರುಡು.

ಇದರ ಮುತ್ತಜ್ಜಂದಿರಿಗೆ ಕಣ್ಣಿತ್ತು. ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ 1940ರ ದಶಕದ ಕೊನೆಗೆ ಕಟ್ಟಿದ ಎಲ್ಮರ್, ಎಲ್ಸಿ ಎಂಬ ಯಾಂತ್ರಿಕ ಆಮೆಗಳು ಯಾವ ಪ್ರೋಗ್ರಾಮೂ ಇಲ್ಲದೆ ಬೆಳಕನ್ನು ಅರಸಿ ಹೋಗುತ್ತಿದ್ದವು. ಆಮೆಗೆ ಮಕ್ಕಳು ಅಪ್ಪಣೆ ಕೊಡುವಂತಾದದ್ದು ಸೆಮೂರ್ ಪೇಪರ್ಟ್ ಮತ್ತು ಸಂಗಡಿಗರ ಲೋಗೋ ಭಾಷೆಯಿಂದ. ಅದು ಹುಟ್ಟಿದ್ದು 1967ರಲ್ಲಿ. ಪೇಪರ್ಟ್ 1980ರಲ್ಲಿ ಬರೆದ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದ ಹೆಸರನ್ನೇ ಲೆಗೊ ಕಂಪನಿ 1998ರ ತನ್ನ ಕಿಟ್‌ಗೆ ಇಟ್ಟಿತು. ಪೇಪರ್ಟ್ ಹೇಳಿಕೊಟ್ಟ ಉಪಾಯ ನನಗೆ ಬಲು ಪ್ರಿಯ: ದಾರಿ ತೋಚದಿದ್ದರೆ ನೀನೇ ಆಮೆಯಾಗಿ ನಡೆದು ನೋಡು.

ಹೇಳಿದ್ದೇ ತಡ, ಹುಡುಗಿ ಕಣ್ಣು ಮುಚ್ಚಿ ನಡುಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಹೊರಟಳು. ದೇವರಮನೆ ಬಾಗಿಲಿಗೆಂದು ಹೋದವಳು ಫ್ರಿಜ್ ಮುಟ್ಟಿದಳು. ನಾನು ಊಟದ ಮೇಜಿಗೆ ಮೊಣಕಾಲು ಬಡಿದುಕೊಂಡೆ. ಆಮೇಲೆ ಅಕ್ಕ, ಭಾವ, ಕೊನೆಗೆ ಅಜ್ಜಿಯೂ. ನೇರ ನಡೆದವರು ಒಬ್ಬರೂ ಇಲ್ಲ. ಕಣ್ಣು ಕಟ್ಟಿದರೆ ಮನುಷ್ಯರು ಅರಿವಿಲ್ಲದೆ ಸುತ್ತು ಹಾಕುತ್ತಾರೆಂದು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2009ರಲ್ಲಿ ಪ್ರಕಟಿಸಿದ್ದರು. ಅಕ್ಕನ ಮನೆಯಲ್ಲಿ ಅದಕ್ಕೆ ಮೇಜು ಅಡ್ಡ ಬಂತು.

ಅಲ್ಲಿಂದ ಮುಂದೆ ಅವಳು ರೋಬಾಟನ್ನು ಬೈಯಲಿಲ್ಲ. ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಬಲಗಡೆಯ ಸಂಖ್ಯೆ ಇಳಿಸುತ್ತ ಬಂದಳು. 175, 170. 168ಕ್ಕೆ ನಮ್ಮ ಆಮೆ ಗೆರೆ ಬಿಡದೆ ಹೋಗಿ ನಿಂತಿತು. ಆ ಅಂಕಿ ಫ್ರಿಜ್ ಬಾಗಿಲಿಗೆ ಅಂಟಿತು.

ಸಂಜೆಗೆ ಬ್ಯಾಟರಿ ಇಳಿದು ಆಮೆ ಮತ್ತೆ ವಾಲತೊಡಗಿತು. ಅವಳು 168ನ್ನು ಹೊಡೆದು ಹಾಕಿ, ಪಕ್ಕದಲ್ಲಿ ಪೆನ್ಸಿಲಿನಿಂದ 171 ಬರೆದಳು.