ಗೋಮಾಳದಲ್ಲಿ ಕಾಡು ಬೆಳೆಸುವ ಸಂಘ

ಊರಿನ ಬರಡು ಗುಡ್ಡವನ್ನೋ ಗೋಮಾಳವನ್ನೋ ಸರ್ಕಾರದಿಂದ ಗುತ್ತಿಗೆಗೆ ಪಡೆದು, ಊರಿನವರೇ ಷೇರು ಹಾಕಿ ಕಾಡಾಗಿ ಬೆಳೆಸಿ, ಬಂದ ಹುಲ್ಲು ಸೌದೆಯನ್ನು ತಮ್ಮಲ್ಲೇ ಹಂಚಿಕೊಳ್ಳುವ ಸಂಸ್ಥೆಯೇ ಮರ ಬೆಳೆಗಾರರ ಸಹಕಾರ ಸಂಘ. ಗುಜರಾತಿನ ಆನಂದ್‌ನಲ್ಲಿರುವ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ 1986ರಲ್ಲಿ ಈ ಪ್ರಯೋಗಕ್ಕೆ ಕೈಹಾಕಿತು. ಹಾಲಿನಲ್ಲಿ ಗೆದ್ದ ಸಹಕಾರ ಪದ್ಧತಿ ಸೌದೆಯಲ್ಲೂ ಮೇವಿನಲ್ಲೂ ಗೆಲ್ಲಬಹುದೆಂಬ ನಂಬಿಕೆ ಮಂಡಳಿಯ ಆಗಿನ ಅಧ್ಯಕ್ಷ ವರ್ಗೀಸ್ ಕುರಿಯನ್ ಅವರದು. 1988ರಲ್ಲಿ ಈ ಸಂಘಗಳಿಗೆ ರಾಷ್ಟ್ರಮಟ್ಟದ ಒಕ್ಕೂಟವೂ ಹುಟ್ಟಿತು. ಕರ್ನಾಟಕದಲ್ಲಿ ಇಂಥ ಸಂಘಗಳು ಬೇರುಬಿಟ್ಟದ್ದು ಅವಿಭಜಿತ ಕೋಲಾರ ಜಿಲ್ಲೆಯಲ್ಲಿ. ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕಿ ವಾರದ ಬಟವಾಡೆ ಪಡೆಯುವುದು ಇಲ್ಲಿನ ಹಳ್ಳಿಗಳಿಗೆ ಆಗಲೇ ರೂಢಿಯಾಗಿತ್ತು. ಹಸುವಿಗೆ ಮೇವು ಎಲ್ಲಿಂದ ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಇತ್ತು.

ಈ ಪ್ರಶ್ನೆ ಬಂಗಾರಪೇಟೆ, ಕೆಜಿಎಫ್ ಕಡೆಗೆ ಇನ್ನಷ್ಟು ತೀವ್ರವಾಗಿ ತಟ್ಟುತ್ತದೆ. ವರ್ಷಕ್ಕೆ 700ರಿಂದ 750 ಮಿಲಿಮೀಟರ್ ಆಸುಪಾಸಿನ ಮಳೆ, ವರ್ಷವಿಡೀ ಹರಿಯುವ ನದಿಯಿಲ್ಲ, ಇರುವ ಪಾಲಾರ್ ಮಳೆಗಾಲದ ಹೊಳೆ. ಅದರ ಮೇಲೆ ಕಟ್ಟಿದ ಬೇತಮಂಗಲದ ಕೆರೆಯೇ ಚಿನ್ನದ ಗಣಿಗಳಿಗೆ ನೀರು ಕೊಟ್ಟಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಸುತ್ತಲಿನ ಕುರುಚಲು ಕಾಡಿನ ಮೇಲೆ ಒತ್ತಡ ಬೀಳದಿರಲು ಸಾಧ್ಯವಿರಲಿಲ್ಲ. ಸುರಂಗಕ್ಕೆ ಆಸರೆಯಾಗಿ ಮರ ಬೇಕು, ಉಗಿಯಂತ್ರಕ್ಕೆ ಉರುವಲು ಬೇಕು, ಗಣಿ ಕಾರ್ಮಿಕರ ಸಾವಿರಾರು ಒಲೆಗಳಿಗೆ ಸೌದೆ ಬೇಕು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದು ಯಂತ್ರಗಳ ಹಸಿವು ತಗ್ಗಿತು. ಒಲೆಗಳ ಹಸಿವು ಹಾಗೇ ಉಳಿಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಉಳಿದ, ಅದಿರಿನ ತ್ಯಾಜ್ಯದ 13 ಸೈನೈಡ್ ದಿಬ್ಬಗಳು ಸುಮಾರು ಸಾವಿರ ಎಕರೆ ಆವರಿಸಿವೆ. ಬೇಸಿಗೆಯ ಗಾಳಿಗೆ ಅವುಗಳ ಬೂದು ಧೂಳು ಮನೆಯೊಳಗೆ ಬರುವುದನ್ನು ಕಂಡವರಿಗೆ, ನೆಲವನ್ನು ಹಸಿರು ಮುಚ್ಚಿರಬೇಕೆಂಬುದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಹಸಿರು ಬಂತು, ಆದರೆ ನೀಲಗಿರಿಯ ರೂಪದಲ್ಲಿ. 1983ರಲ್ಲಿ ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ನೆರವಿನಿಂದ ಆರಂಭವಾದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ರೈತರಿಗೆ ಹಂಚಿದ ಸಸಿಗಳಲ್ಲಿ ಅದರದೇ ಮೇಲುಗೈ. ರಾಗಿ ಹೊಲಗಳು ತೋಪುಗಳಾದವು. ದನ ಬಾಯಿ ಹಾಕದ, ನೋಡಿಕೊಳ್ಳಬೇಕಿಲ್ಲದ, ಏಳೆಂಟು ವರ್ಷಕ್ಕೆ ಕಡಿದರೆ ಒಟ್ಟಿಗೆ ದುಡ್ಡು ತರುವ ಮರವನ್ನು ಒಣಭೂಮಿಯ ರೈತ ಆರಿಸಿಕೊಂಡದ್ದನ್ನು ತಪ್ಪೆನ್ನಲಾಗದು. ನೀರಿನ ಲೆಕ್ಕ ಮಾತ್ರ ಬೇರೆಯೇ ಆಗಿತ್ತು. ಪಕ್ಕದ ಹೊಸಕೋಟೆ ಬಳಿ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ, ಆಳವಾದ ಮಣ್ಣಿನಲ್ಲಿ ನೀಲಗಿರಿ ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಹೀರಿದ್ದು ಕಂಡುಬಂತು. ಅತ್ತ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ, ಊರಿನ ಜಮೀನನ್ನು ಕಾರ್ಖಾನೆಯ ಮರಕ್ಕೆ ಕೊಟ್ಟಿದ್ದನ್ನು ವಿರೋಧಿಸಿ 1987ರ ನವೆಂಬರ್ 14ರಂದು ಜನ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಸಿದರು. ನೀಲಗಿರಿ ಕಿತ್ತು ತಮಗೆ ಬೇಕಾದ ಮರ ನೆಟ್ಟರು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಅಷ್ಟರಲ್ಲಿ ಕೋಲಾರದ ಕೊಳವೆಬಾವಿಗಳು ಸಾವಿರ ಅಡಿ ದಾಟಿದ್ದವು.

ಮರ ಬೆಳೆಗಾರರ ಸಂಘಗಳ ಕೆಲಸವೂ ಮೊದಮೊದಲು ಗುಂಡಿ ತೋಡಿ ಸಸಿ ನೆಡುವುದೇ ಆಗಿತ್ತು. ವರ್ಷಗಳು ಕಳೆದಂತೆ ಗಮನ ನೆಡುತೋಪಿನಿಂದ ಇಡೀ ನೆಲದ ಕಡೆಗೆ, ಅಂದರೆ ಮಣ್ಣು, ಮಳೆನೀರು, ಹುಲ್ಲು ಮತ್ತು ತಾನಾಗಿ ಏಳುವ ಗಿಡಗಳ ಕಡೆಗೆ ಹೊರಳಿತು. ಈ ಅನುಭವದಿಂದಲೇ 2001ರಲ್ಲಿ ‘ಫೌಂಡೇಶನ್ ಫಾರ್ ಎಕಲಾಜಿಕಲ್ ಸೆಕ್ಯುರಿಟಿ’ ರೂಪುಗೊಂಡು, ಕೋಲಾರ-ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಕೆಲಸ ಮುಂದುವರಿಸಿತು.

ಪರಿಸರಸ್ನೇಹಿ ಅರಣ್ಯ ಕೃಷಿಯ ತಿರುಳು ಇಲ್ಲಿದೆ. ಬರಡಾಗಿ ಕಾಣುವ ಗುಡ್ಡದ ಮಣ್ಣಿನೊಳಗೆ ಹಳೆಯ ಬುಡಗಳು ಇನ್ನೂ ಜೀವ ಹಿಡಿದಿರುತ್ತವೆ. ಪ್ರತಿ ಮಳೆಗಾಲದಲ್ಲಿ ಅವು ಚಿಗುರುತ್ತವೆ, ಮೇಕೆ ಮೇಯುತ್ತದೆ ಇಲ್ಲವೇ ಮಚ್ಚು ಬೀಳುತ್ತದೆ, ಮತ್ತೆ ನೆಲಮಟ್ಟಕ್ಕೆ ಇಳಿಯುತ್ತವೆ. ಎರಡು ಮೂರು ಮಳೆಗಾಲ ಇವೆರಡನ್ನೂ ತಡೆದರೆ ಗುಡ್ಡದ ಬಣ್ಣವೇ ಬದಲಾಗುತ್ತದೆ. ಒಂದು ಮುತ್ತುಗದ ಬುಡವನ್ನೇ ನೋಡಬಹುದು. ಅದರಿಂದ ಹತ್ತು ಹದಿನೈದು ಕವಲುಗಳು ಪೊದೆಯಾಗಿ ಎದ್ದಿರುತ್ತವೆ. ನೆಟ್ಟಗಿರುವ, ದಪ್ಪನೆಯ ಒಂದೆರಡನ್ನು ಉಳಿಸಿ ಮಿಕ್ಕವನ್ನು ಹರಿತವಾದ ಮಚ್ಚಿನಿಂದ ಬುಡಕ್ಕೆ ಓರೆಯಾಗಿ ಕತ್ತರಿಸಿದರೆ ಬೇರಿನ ಬಲವೆಲ್ಲ ಉಳಿದ ಕವಲಿಗೆ ಹೋಗುತ್ತದೆ. ಬೇರು ಹಳೆಯದಾದ್ದರಿಂದ ಅದು ನರ್ಸರಿಯ ಸಸಿಗಿಂತ ಬೇಗ ಮೇಲೇಳುತ್ತದೆ, ಕೊಡ ಹೊತ್ತು ನೀರು ಹಾಕುವ ಪ್ರಮೇಯವಿಲ್ಲ. ಕತ್ತರಿಸಿದ ಕಡ್ಡಿ ಆ ವರ್ಷದ ಸೌದೆ. ಇಳಿಜಾರಿಗೆ ಅಡ್ಡವಾಗಿ ತೋಡಿದ ಬಿಡಿಬಿಡಿ ಕಂದಕಗಳಲ್ಲಿ ಮಳೆನೀರು ಇಂಗುತ್ತದೆ, ಅವುಗಳ ಏರಿಯ ಮೇಲೆ ಹೊಂಗೆ, ಬೇವು, ಸೀತಾಫಲದ ಬೀಜ ಊರಿದರೆ ಸಾಕು. ಉದ್ಯೋಗ ಖಾತ್ರಿ ಯೋಜನೆಯ ಕೂಲಿಯಿಂದಲೇ ಈ ಕಂದಕಗಳನ್ನು ತೋಡಿಸಬಹುದು. ಹೊರಗಿನಿಂದ ಸಸಿ ತಂದು ನೆಡುವುದು ಖಾಲಿ ಉಳಿದ ಜಾಗಕ್ಕೆ ಮಾತ್ರ.

ಹೀಗಾಗಿ ಸಂಘದ ನಿಜವಾದ ಶ್ರಮವೆಲ್ಲ ನಿಯಮ ಕಟ್ಟಿ ಅದನ್ನು ಪಾಲಿಸುವುದರಲ್ಲಿದೆ. ಮೊದಲ ತೊಡಕು ಜಮೀನಿನ ಕಾಗದ. 1966ರ ಭೂಕಂದಾಯ ನಿಯಮಗಳ ಪ್ರಕಾರ ಊರಿನ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಇರಬೇಕು. ವಾಸ್ತವದಲ್ಲಿ ಒತ್ತುವರಿಯೋ ಮಂಜೂರಾತಿಯೋ ಅದನ್ನು ಕರಗಿಸಿರುತ್ತದೆ. ಅಳತೆ ಮಾಡಿಸಿ, ಗಡಿಕಲ್ಲು ನೆಡಿಸಿ, ಒತ್ತುವರಿ ಮಾಡಿದವರೊಡನೆ ಊರಲ್ಲೇ ಕೂತು ಮಾತಾಡಿ ಮುಗಿಸದೆ ಕೆಲಸ ಆರಂಭಿಸಿದ ಸಂಘ ಮುಂದೆ ಕೋರ್ಟು ಅಲೆಯಬೇಕಾಗುತ್ತದೆ. ಆಮೇಲೆ ಸದಸ್ಯತ್ವ. 1959ರ ಸಹಕಾರ ಸಂಘಗಳ ಕಾಯ್ದೆಯಡಿ ಷೇರು ಎಷ್ಟೇ ಇದ್ದರೂ ಒಬ್ಬರಿಗೆ ಒಂದೇ ಮತ. ಮನೆಗೊಬ್ಬ ಗಂಡಸನ್ನು ಸೇರಿಸಿ ಸುಮ್ಮನಾದರೆ ಸಂಘ ಅರ್ಧ ಮಾತ್ರ ಕಟ್ಟಿದಂತೆ. ಸೌದೆ ಹೊರುವವರು, ಹುಲ್ಲು ಕೊಯ್ಯುವವರು ಹೆಂಗಸರು. ಯಾವ ತಿಂಗಳು ಕಾಡು ಮುಚ್ಚಿದರೆ ಯಾರ ಒಲೆ ಉರಿಯುವುದಿಲ್ಲ ಎಂಬುದು ಅವರಿಗೇ ಗೊತ್ತು.

ಇಡೀ ಗುಡ್ಡವನ್ನು ಒಮ್ಮೆಗೇ ಮುಚ್ಚುವಂತಿಲ್ಲ. ಕುರಿ ಮೇಕೆಗಳನ್ನೇ ನಂಬಿದ ಭೂಮಿಯಿಲ್ಲದ ಮನೆಗಳು ಪ್ರತಿ ಊರಲ್ಲೂ ಇವೆ. ಒಂದು ಭಾಗ ಮುಚ್ಚಿ, ಇನ್ನೊಂದನ್ನು ಮೇಯಲು ಬಿಟ್ಟು, ಕೆಲವು ವರ್ಷಕ್ಕೊಮ್ಮೆ ಸರದಿ ಬದಲಿಸುವುದು ನ್ಯಾಯವಾದ ದಾರಿ. ಮುಚ್ಚಿದ ಭಾಗದಲ್ಲೂ ಹುಲ್ಲನ್ನು ಬೀಜ ಉದುರಿದ ಮೇಲೆ ಕುಡುಗೋಲಿನಿಂದ ಕೊಯ್ದು ಹೊರೆಯ ಲೆಕ್ಕದಲ್ಲಿ ಕೊಂಡೊಯ್ಯಲು ಬಿಡಬಹುದು. ಬೇಸಿಗೆ ಶುರುವಾಗುವ ಮುನ್ನ ಸುತ್ತ ಬೆಂಕಿ ರೇಖೆ ಸವರಬೇಕು, ಒಬ್ಬ ಕಾವಲುಗಾರನಿಗೆ ತಿಂಗಳು ತಿಂಗಳು ಸಂಬಳ ಕೊಡಬೇಕು. ಯೋಜನೆಯ ಹಣ ನಿಂತ ವರ್ಷ ಮೊದಲು ನಿಲ್ಲುವುದು ಈ ಸಂಬಳವೇ. ಅದಕ್ಕೇ ಹುಣಸೆ, ಸೀತಾಫಲದ ಹರಾಜು, ಹೊಂಗೆ ಬೀಜ, ಹುಲ್ಲಿನ ಹೊರೆಯ ಸಣ್ಣ ಶುಲ್ಕ ಇವುಗಳಿಂದ ಬರುವ ಹಣದಲ್ಲಿ ಕಾವಲಿನ ಖರ್ಚನ್ನು ಮೊದಲು ಎತ್ತಿಡುವುದು ಒಳ್ಳೆಯದು. ಕೋಲಾರದ ಟೊಮೆಟೊ ತೋಟಗಳಿಗೆ ಆಸರೆ ಕಡ್ಡಿ ಬೇಕೇ ಬೇಕು. ಈ ಬೇಡಿಕೆ ಇವತ್ತು ಬಹುಪಾಲು ನೀಲಗಿರಿಗೆ ಹೋಗುತ್ತದೆ, ಕವಲು ಸವರಿದಾಗ ಸಿಗುವ ಕಡ್ಡಿಯಲ್ಲಿ ಉದ್ದ ನೆಟ್ಟಗಿರುವುದನ್ನು ಆರಿಸಿ ಅಲ್ಲಿಗೂ ಮಾರಬಹುದು. ಬಂದದ್ದು ಹೋದದ್ದು ಎಲ್ಲವನ್ನೂ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು.

ಕಂದಾಯ ಭೂಮಿ ಬಿಟ್ಟು ಅರಣ್ಯ ಇಲಾಖೆಯ ಜಾಗಕ್ಕೆ ಬಂದರೆ ವ್ಯವಸ್ಥೆ ಬೇರೆ. 1993ರ ಏಪ್ರಿಲ್ 12ರ ಸರ್ಕಾರಿ ಆದೇಶದಿಂದ ರಾಜ್ಯದಲ್ಲಿ ಗ್ರಾಮ ಅರಣ್ಯ ಸಮಿತಿಗಳು ಬಂದವು. ಅಲ್ಲಿ ಅಧ್ಯಕ್ಷ ಊರಿನವ, ಕಾರ್ಯದರ್ಶಿ ಇಲಾಖೆಯವ. ತಮಿಳುನಾಡು ಮತ್ತು ಆಂಧ್ರದ ಕಾಡುಗಳಿಂದ ಆನೆಗಳು ಇಳಿಯುವ ಕಾಮಸಮುದ್ರದ ಕಡೆ ಇಲಾಖೆ ಜೊತೆಗಿಲ್ಲದೆ ಊರೊಂದೇ ಕಾಡು ಕಾಯುವುದು ಆಗದ ಮಾತು. ಆದರೆ ಲೆಕ್ಕಪುಸ್ತಕ ಯಾರ ಕೈಯಲ್ಲಿದೆಯೋ ಕಾಡು ಅವರದೆಂದೇ ಜನ ತಿಳಿಯುತ್ತಾರೆ, ಅನೇಕ ಸಮಿತಿಗಳು ಯೋಜನೆ ಮುಗಿದೊಡನೆ ಮಲಗಿದ್ದಕ್ಕೆ ಇದೂ ಕಾರಣ. ಇದಕ್ಕೆ ವ್ಯತಿರಿಕ್ತವಾಗಿ, ಕುಮಟಾ ಬಳಿಯ ಹಳಕಾರಿನ ಗ್ರಾಮ ಅರಣ್ಯ ಪಂಚಾಯಿತಿ ಬ್ರಿಟಿಷರ ಕಾಲದಿಂದ ತಾನೇ ಕಾವಲು, ತಾನೇ ಹಂಚಿಕೆ ಮಾಡಿಕೊಂಡು ಬಂದಿತ್ತು. 1979ರಲ್ಲಿ ಸರ್ಕಾರ ಇಂಥ ಪಂಚಾಯಿತಿಗಳನ್ನು ರದ್ದು ಮಾಡಲು ಹೊರಟಾಗ ಅದು ಕೋರ್ಟಿನ ಮೊರೆ ಹೋಗಿ ಉಳಿದುಕೊಂಡಿತು.

ಬಂಗಾರಪೇಟೆಯ ಸುತ್ತ ಇನ್ನೊಂದು ಒತ್ತಡ ಬೆಳೆಯುತ್ತಿದೆ. ಬೆಂಗಳೂರಿಗೆ ರೈಲಿನಲ್ಲಿ ದಿನವೂ ಹೋಗಿಬರುವಷ್ಟು ಹತ್ತಿರವಿರುವ ಈ ಊರುಗಳಲ್ಲಿ ಜಮೀನಿನ ಬೆಲೆ ಏರುತ್ತಿದೆ, ಬರಡೆಂದು ಬರೆದ ಗೋಮಾಳದ ಮೇಲೆ ಬಡಾವಣೆಗೂ ಕಾರ್ಖಾನೆಗೂ ಕಣ್ಣಿದೆ. ಗುತ್ತಿಗೆಯ ಅವಧಿ ಮುಗಿಯುವ ಹೊತ್ತಿಗೆ ಅಲ್ಲಿ ಎದೆಯೆತ್ತರದ ಕಾಡಿದ್ದರೂ ಪಹಣಿಯಲ್ಲಿ ಅದು ‘ಸರ್ಕಾರಿ’ ಎಂದೇ ಇರುತ್ತದೆ. ಅವಧಿ ಮುಗಿಯುವ ಒಂದೆರಡು ವರ್ಷ ಮೊದಲೇ ನವೀಕರಣದ ಅರ್ಜಿ ಹಾಕಿ, ಕಾಡಿನ ಅಳತೆ, ಫೋಟೊ, ಸಭೆಯ ನಡಾವಳಿಗಳನ್ನು ತಾಲ್ಲೂಕು ಕಚೇರಿಗೂ ಗ್ರಾಮ ಪಂಚಾಯಿತಿಗೂ ಸಲ್ಲಿಸಿ ಸ್ವೀಕೃತಿ ಪಡೆದಿಡುವುದು ಸಂಘದ ಕಾರ್ಯದರ್ಶಿಯ ಕೆಲಸ.