ಕಿವಿಯೊಳಗಿನ ದುಂಡು ಕಿಟಕಿ: ತೆಳುಪೊರೆಗೆ ಪೆಟ್ಟಾದಾಗ ತಡಮಾಡಬೇಡಿ

ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಚಳಿಗೆ ಮೂಗು ಕಟ್ಟಿಕೊಂಡಿರುವಾಗಲೇ ನೀವು ವಿಮಾನ ಹತ್ತಿರಬಹುದು. ವಿಮಾನ ಕೆಳಗಿಳಿಯಲು ತೊಡಗಿದ ಕೂಡಲೇ ಕಿವಿ ಗವ್ ಎಂದು ಕಟ್ಟಿಕೊಳ್ಳುತ್ತದೆ. ಹೆಚ್ಚಿನವರಿಗೆ ಮನೆ ಸೇರುವಷ್ಟರಲ್ಲಿ, ಇಲ್ಲವೇ ಒಂದೆರಡು ದಿನಗಳಲ್ಲಿ ಅದು ಬಿಟ್ಟುಕೊಳ್ಳುತ್ತದೆ. ಅಪರೂಪಕ್ಕೆ ಕೆಲವರಿಗೆ ಮಾತ್ರ ‘ಟಪ್’ ಎಂದಂತಾಗಿ, ಒಂದು ಕಿವಿ ಮಂದವಾಗಿ, ತಲೆ ಸುತ್ತಲು ಶುರುವಾಗುತ್ತದೆ. ಇಂಥವರು ‘ನೆಗಡಿ ಹೋದರೆ ಸರಿಹೋಗುತ್ತದೆ’ ಎಂದು ಎರಡು ಮೂರು ವಾರ ಕಾಯುವುದು ಅಪಾಯ. ಪೆಟ್ಟಾಗಿರುವುದು ಕಿವಿತಮಟೆಗಿಂತಲೂ ಒಳಗಿರುವ ಒಂದು ಪುಟ್ಟ ಪೊರೆಗೆ ಇರಬಹುದು. ಅದೇ ದುಂಡು ಕಿಟಕಿಯ ಪೊರೆ. ವೈದ್ಯರು ‘ರೌಂಡ್ ವಿಂಡೋ’ ಎನ್ನುತ್ತಾರೆ.

ಈ ಪೊರೆ ಎಲ್ಲಿದೆ, ಯಾಕಿದೆ?

ಕಿವಿತಮಟೆಯ ಹಿಂದೆ ಗಾಳಿ ತುಂಬಿದ ನಡುಕಿವಿ ಇದೆ. ಅದರಾಚೆ, ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಕಾಕ್ಲಿಯ. ಅದರ ತುಂಬ ದ್ರವ. ಸುತ್ತಲೂ ಗಟ್ಟಿ ಮೂಳೆ. ಈ ಮೂಳೆಯ ಗೋಡೆಯಲ್ಲಿ ನಡುಕಿವಿಯ ಕಡೆಗೆ ಎರಡು ಕಿಂಡಿಗಳಿವೆ. ಮೇಲಿನ ಅಂಡಾಕಾರದ ಕಿಂಡಿಯಲ್ಲಿ ರಿಕಾಪು ಎಂಬ ಪುಟಾಣಿ ಮೂಳೆಯ ಪಾದ ಕೂತಿರುತ್ತದೆ. ಕೆಳಗಿನ ದುಂಡು ಕಿಂಡಿಗೆ ಪೊರೆಯೊಂದು ಮುಚ್ಚಳದಂತೆ ಬಿಗಿದಿರುತ್ತದೆ. ಅದರ ಅಗಲ ಸುಮಾರು 2 ಮಿಲಿಮೀಟರ್, ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಅಷ್ಟರಲ್ಲೇ ಮೂರು ಪದರಗಳಿವೆ. ಇಟಲಿಯ ಆಂಟೋನಿಯೊ ಸ್ಕಾರ್ಪಾ 1772ರಲ್ಲೇ ಇದನ್ನು ವಿವರವಾಗಿ ವರ್ಣಿಸಿ ‘ಎರಡನೆಯ ಕಿವಿತಮಟೆ’ ಎಂದು ಕರೆದಿದ್ದರು.

ಬಾಯಿತನಕ ನೀರು ತುಂಬಿಸಿ ಬಿಗಿಯಾಗಿ ಬಿರಡೆ ಹಾಕಿದ ಗಾಜಿನ ಬಾಟಲಿಯನ್ನು ನೆನೆಯಿರಿ. ಬಿರಡೆಯನ್ನು ಇನ್ನಷ್ಟು ಒಳಗೆ ಒತ್ತಲು ಆಗುವುದಿಲ್ಲ, ಏಕೆಂದರೆ ನೀರು ಕುಗ್ಗುವುದಿಲ್ಲ. ಬಾಟಲಿಯ ಇನ್ನೊಂದು ಕಡೆ ರಬ್ಬರ್ ಹಾಳೆ ಕಟ್ಟಿದ ತೂತೊಂದು ಇದ್ದರೆ? ಬಿರಡೆ ಒಳಗೆ ಹೋದಷ್ಟೂ ರಬ್ಬರ್ ಹೊರಗೆ ಉಬ್ಬುತ್ತದೆ. ನಿಮ್ಮ ಕಿವಿಯಲ್ಲೂ ಹೀಗೆಯೇ. ಶಬ್ದ ಬಂದಾಗ ರಿಕಾಪು ಒಳಕ್ಕೆ ತಳ್ಳುತ್ತದೆ, ದುಂಡು ಕಿಟಕಿಯ ಪೊರೆ ಹೊರಕ್ಕೆ ಉಬ್ಬುತ್ತದೆ, ನಡುವಿನ ದ್ರವ ಅಲುಗಿ ಕೇಳುವ ಕೋಶಗಳು ಎಚ್ಚರಗೊಳ್ಳುತ್ತವೆ. ಹುಟ್ಟಿನಿಂದಲೇ ಈ ಕಿಂಡಿ ಇಲ್ಲದವರಿಗೆ, ಅಥವಾ ಓಟೋಸ್ಕ್ಲೆರೋಸಿಸ್ ಎಂಬ ಕಾಯಿಲೆಯಲ್ಲಿ ಮೂಳೆ ಬೆಳೆದು ಕಿಂಡಿ ಮುಚ್ಚಿಹೋದವರಿಗೆ, ತಮಟೆ ಚೆನ್ನಾಗಿದ್ದರೂ ಶ್ರವಣ ಮಂದವಾಗುವುದು ಇದರಿಂದಲೇ. ಇವೆರಡೂ ತೀರಾ ವಿರಳ.

ಪೊರೆ ಹರಿಯುವುದು ಹೇಗೆ?

ಒಳಕಿವಿಯ ದ್ರವ ನಡುಕಿವಿಗೆ ಸೋರುವುದಕ್ಕೆ ಪೆರಿಲಿಂಫ್ ಫಿಸ್ಟುಲಾ ಎಂದು ಹೆಸರು. ತಲೆಗೆ ಪೆಟ್ಟು, ವಿಮಾನ ಇಲ್ಲವೇ ಡೈವಿಂಗ್‌ನಲ್ಲಿ ಒತ್ತಡದ ಏರುಪೇರು, ಉಸಿರು ಬಿಗಿಹಿಡಿದು ಭಾರ ಎತ್ತುವುದು, ಜೋರು ಕೆಮ್ಮು, ಮಲಬದ್ಧತೆಯಿಂದ ತಿಣುಕುವುದು, ಇವೆಲ್ಲ ಕಾರಣವಾಗಬಹುದು. ಕಿವಿ ಬಿಡಿಸಲು ಮೂಗು ಹಿಡಿದು ಬಲವಾಗಿ ಊದುವುದೂ ಈ ಪಟ್ಟಿಯಲ್ಲಿದೆ. ವಿಮಾನ ಇಳಿಯುವಾಗ ಊದುವ ಬದಲು ಆಗಾಗ ಎಂಜಲು ನುಂಗಿ, ಚೂಯಿಂಗ್ ಗಮ್ ಅಗಿಯಿರಿ, ಮಕ್ಕಳಿಗೆ ಹಾಲು ಕುಡಿಸಿ. ವಿಪರೀತ ನೆಗಡಿಯಿದ್ದರೆ ಪ್ರಯಾಣ ಮುಂದೂಡುವುದು ಮೇಲು.

ಚಾಂದನಿ ಚೌಕ, ಕನಾಟ್ ಪ್ಲೇಸ್ ಕಡೆ ಕೆಂಪು ಪೇಟ ತೊಟ್ಟು ಕಿವಿ ಗುಗ್ಗೆ ತೆಗೆಯುವವರನ್ನು ನೀವು ನೋಡಿರುತ್ತೀರಿ. ಊರಿಂದ ಬಂದ ಅಪ್ಪನಿಗೆ ಒಂದು ಗಮ್ಮತ್ತು ಎನಿಸಬಹುದು, ದಯವಿಟ್ಟು ತಪ್ಪಿಸಿ. ಕಡ್ಡಿ ಸ್ವಲ್ಪ ಜಾರಿದರೂ ತಮಟೆ ತೂತಾಗುತ್ತದೆ. ರಿಕಾಪು ಅಲುಗಿದರೆ ಮೇಲಿನ ಕಿಂಡಿಯಿಂದಲೂ ದ್ರವ ಸೋರಬಹುದು.

ಎಚ್ಚರಿಕೆಯ ಲಕ್ಷಣಗಳು

ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾಗುವುದು, ಗುಂಯ್‌ಗುಡುವುದು, ಕೆಮ್ಮಿದಾಗ ಅಥವಾ ಸೀನಿದಾಗ ತಲೆ ಸುತ್ತು ಹೆಚ್ಚುವುದು, ನಡೆಯುವಾಗ ವಾಲುವುದು. ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಬಾಯಿ ಮುಚ್ಚಿ ‘ಹ್ಮ್’ ಎಂದು ಗುನುಗಿ. ಸದ್ದು ಮಂದವಾದ ಕಿವಿಯಲ್ಲೇ ಜೋರಾಗಿ ಕೇಳಿದರೆ ಗುಗ್ಗೆ, ನೆಗಡಿಯಂಥ ಅಡೆತಡೆ ಇರುವ ಸಾಧ್ಯತೆ ಹೆಚ್ಚು. ಚೆನ್ನಾಗಿರುವ ಕಿವಿಯಲ್ಲೇ ಜೋರಾಗಿ ಕೇಳಿದರೆ ತೊಂದರೆ ಒಳಕಿವಿಯದ್ದಿರಬಹುದು, ಅದೇ ದಿನ ಇಎನ್‌ಟಿ ವೈದ್ಯರನ್ನು ಕಾಣಿ. ಗುನುಗು ಏನೇ ಹೇಳಲಿ, ಹಠಾತ್ತನೆ ಶ್ರವಣ ಕಡಿಮೆಯಾದರೆ ಆಡಿಯೋಗ್ರಾಂ ಮಾಡಿಸಲೇಬೇಕು. ಇಂಥ ಶ್ರವಣನಷ್ಟಕ್ಕೆ ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರಗಳಲ್ಲಿ ಶುರುವಾದರೆ ಫಲ ಹೆಚ್ಚು.

ಪೊರೆ ಹರಿದಿದೆ ಎಂದು ಖಚಿತವಾಗಿ ತೋರಿಸುವ ಒಂದೇ ಪರೀಕ್ಷೆ ಇಲ್ಲ. ನಡೆದದ್ದನ್ನು ನೀವು ಹೇಳುವ ಬಗೆಯೇ ವೈದ್ಯರಿಗೆ ಅರ್ಧ ದಾರಿ. ಅನುಮಾನವಿದ್ದರೆ ಮೊದಲು ತಲೆಯ ಕಡೆ ಎತ್ತರ ಮಾಡಿ ಕೆಲವು ದಿನ ಮಲಗುವ ವಿಶ್ರಾಂತಿ, ಭಾರ ಎತ್ತದಿರುವುದು, ಮಲ ಸಡಿಲವಾಗಲು ಔಷಧಿ. ಗುಣ ಕಾಣದಿದ್ದರೆ ತಮಟೆಯನ್ನು ಮೇಲೆತ್ತಿ, ನಿಮ್ಮದೇ ದೇಹದ ಕೊಬ್ಬು ಅಥವಾ ತೆಳು ಅಂಗಾಂಶದ ತುಣುಕಿನಿಂದ ಕಿಂಡಿಗೆ ತೇಪೆ ಹಾಕುತ್ತಾರೆ. ತಲೆಸುತ್ತು ಸಾಮಾನ್ಯವಾಗಿ ಚೆನ್ನಾಗಿ ಹಿಡಿತಕ್ಕೆ ಬರುತ್ತದೆ. ಕಳೆದುಹೋದ ಶ್ರವಣ ಮರಳುವ ಭರವಸೆ ಅಷ್ಟಿಲ್ಲ, ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಒಳಗೆ ಹೋಗುವ ದಾರಿಯೂ ಹೌದು

ಈ ಪೊರೆ ಕೆಲವು ವಸ್ತುಗಳನ್ನು ಒಳಕ್ಕೆ ಬಿಡುತ್ತದೆ. ವೈದ್ಯರು ತಮಟೆಯ ಮೂಲಕ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟು, ಸ್ವಲ್ಪ ಹೊತ್ತು ಮಾತಾಡದೆ, ಎಂಜಲು ನುಂಗದೆ ಮಲಗಿರಲು ಹೇಳುವುದು ಮದ್ದು ಈ ಪೊರೆಯ ಮೇಲೆಯೇ ನಿಂತು ಇಂಗಲಿ ಎಂದು. ಅದೇ ದಾರಿಯಲ್ಲಿ ಕೆಟ್ಟದ್ದೂ ಹೋಗುತ್ತದೆ. ಕೀವು ಸೋರುವ ಕಿವಿಯನ್ನು ವರ್ಷಗಟ್ಟಲೆ ಬಿಟ್ಟರೆ ಸೋಂಕಿನ ವಿಷ ಒಳಕಿವಿಯನ್ನು ತಲುಪಬಹುದು. ತಮಟೆ ತೂತಾಗಿರುವಾಗ ಜೆಂಟಮೈಸಿನ್, ನಿಯೋಮೈಸಿನ್ ಇರುವ ಹನಿಗಳು ಕೇಳುವ ಕೋಶಗಳಿಗೆ ಹಾನಿ ಮಾಡಬಲ್ಲವು. ಆದ್ದರಿಂದ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಹನಿಯನ್ನಾಗಲಿ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನಾಗಲಿ ವೈದ್ಯರು ಕಿವಿ ನೋಡುವ ಮೊದಲು ಬಿಡಬೇಡಿ.

ದೆಹಲಿಯಲ್ಲಿ ಏಮ್ಸ್, ಸಫ್ದರ್‌ಜಂಗ್, ರಾಮ್ ಮನೋಹರ್ ಲೋಹಿಯಾ, ಲೋಕನಾಯಕ ಆಸ್ಪತ್ರೆಗಳಲ್ಲಿ ಇಎನ್‌ಟಿ ವಿಭಾಗಗಳಿವೆ. ಗುರುಗ್ರಾಮ ಅಥವಾ ನೋಯ್ಡಾದ ಮಕ್ಕಳ ಮನೆಗೆ ಬಂದ ಹಿರಿಯರಿಗೆ ಹಿಂದಿ ಬರದಿದ್ದರೆ ಚೀಟಿಯಲ್ಲಿ ಇಷ್ಟು ಬರೆದುಕೊಡಿ: ‘ಏಕ್ ಕಾನ್ ಸೇ ಅಚಾನಕ್ ಸುನಾಯಿ ದೇನಾ ಬಂದ್ ಹೋ ಗಯಾ, ಚಕ್ಕರ್ ಆ ರಹಾ ಹೈ.’ ಪಕ್ಕದಲ್ಲಿ ಶುರುವಾದ ದಿನ, ಹೊತ್ತು, ಆಗ ಅವರು ಏನು ಮಾಡುತ್ತಿದ್ದರು ಎಂಬುದನ್ನೂ ಬರೆಯಿರಿ.