ದೋಹಾದಲ್ಲಿ ಅಪ್ಪ ಅಮ್ಮ, ಮಂಗಳೂರಿನ ಹಾಸ್ಟೆಲಿನಲ್ಲಿ ಮಗಳು

ಕತಾರಿನ ಕನ್ನಡ ಕುಟುಂಬಗಳಲ್ಲಿ ಮಕ್ಕಳ ಹನ್ನೆರಡನೇ ತರಗತಿ ಮುಗಿಯಿತೆಂದರೆ ಮನೆ ಎರಡಾಗುವ ಕಾಲ ಬಂತೆಂದೇ ಅರ್ಥ. ದೋಹಾದಲ್ಲಿ ಕಾಲೇಜುಗಳಿಲ್ಲವೆಂದಲ್ಲ. ಎಜುಕೇಶನ್ ಸಿಟಿಯಲ್ಲಿ ಕಾರ್ನೆಗಿ ಮೆಲನ್, ಜಾರ್ಜ್‌ಟೌನ್‌ನಂಥ ಅಮೆರಿಕದ ವಿಶ್ವವಿದ್ಯಾಲಯಗಳಿವೆ. 2021ರಿಂದ ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಇದೆ. ಆದರೂ ಸೀಟು, ಶುಲ್ಕ, ಕೋರ್ಸು ಎಲ್ಲವನ್ನೂ ಅಳೆದು ತೂಗಿದ ಮೇಲೆ ಅನೇಕ ಪೋಷಕರು ಮಂಗಳೂರು, ಮಣಿಪಾಲ, ಬೆಂಗಳೂರಿನತ್ತ ನೋಡುತ್ತಾರೆ. ನೆಂಟರಿಷ್ಟರ ಲೆಕ್ಕದಲ್ಲಿ ಮಗು ಊರಿಗೆ ಮರಳಿತು. ಆದರೆ ದೋಹಾದಲ್ಲೇ ಬೆಳೆದ ಮಗುವಿಗೆ ಆ ಊರು ಬೇಸಿಗೆ ರಜೆಯ ಅಜ್ಜಿಮನೆ, ಅಷ್ಟೆ. ಬೆಳೆದ ಊರಾದರೂ ತನ್ನದೇ ಎಂದುಕೊಳ್ಳೋಣವೆಂದರೆ ಅಲ್ಲಿನ ವಾಸ ಪರವಾನಗಿ ಅಪ್ಪನ ನೌಕರಿಯನ್ನು ನಂಬಿಕೊಂಡಿದೆ. ಆರು ತಿಂಗಳು ಮೀರಿ ಹೊರಗುಳಿದರೆ ಸಾಮಾನ್ಯವಾಗಿ ಅದೂ ಕೈತಪ್ಪುತ್ತದೆ. ಈ ಮಕ್ಕಳ ಮನಸ್ಸಿನ ಆರೋಗ್ಯವನ್ನು ಎರಡು ದೇಶಗಳಲ್ಲಿ ಯಾರೂ ತಮ್ಮ ಹೊಣೆಯೆಂದು ಎತ್ತಿಕೊಂಡಿಲ್ಲ. ದೋಹಾದ ಕನ್ನಡ ಸಂಘಗಳು ಎತ್ತಿಕೊಳ್ಳಬೇಕು ಎಂಬುದು ನನ್ನ ವಾದ.

ಸೌಲಭ್ಯವೇ ಇಲ್ಲ ಎನ್ನುವಂತಿಲ್ಲ. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಕತಾರ್ 16000 ಸಂಖ್ಯೆಯಲ್ಲಿ ಮಾನಸಿಕ ಆರೋಗ್ಯ ಸಹಾಯವಾಣಿ ತೆರೆಯಿತು. ಭಾರತದಲ್ಲಿ 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರಿರಬೇಕು, ಪೋಷಕರಿಗೂ ತಿಳಿವಳಿಕೆ ಕೊಡಬೇಕು ಎಂದು ಹೇಳಿತು. ಎಲ್ಲವೂ ಒಳ್ಳೆಯವೇ. ಆದರೆ ಎರಡೂ ಸಹಾಯವಾಣಿಗಳು ಆಯಾ ದೇಶದೊಳಗಿನವರಿಗಾಗಿ ಮಾಡಿದ ಕಿರುಸಂಖ್ಯೆಗಳು. ಮಂಗಳೂರಿನ ಮಗಳ ದನಿ ಯಾಕೋ ಸರಿಯಿಲ್ಲವೆಂದು ದೋಹಾದ ತಾಯಿಗೆ ಅನಿಸಿದರೆ, ಆಕೆ ಯಾರಿಗೆ ಫೋನ್ ಮಾಡಬೇಕು? ಕಾಲೇಜಿನವರು ಮಂಗಳವಾರ ಮಧ್ಯಾಹ್ನ ಕರೆಯುವ ಪೋಷಕರ ಸಭೆಗೆ ಕಡಲಾಚೆಯಿಂದ ಹೋಗುವುದು ಹೇಗೆ?

ದಿನಾ ವಿಡಿಯೋ ಕಾಲ್ ಮಾಡುತ್ತೇವಲ್ಲ ಎಂದು ಅನೇಕರು ಕೇಳುತ್ತಾರೆ. ಆ ಕರೆಯನ್ನೇ ಸ್ವಲ್ಪ ನೋಡೋಣ. ಅಪ್ಪ ಕೆಲಸದಿಂದ ಬಂದು ಕೂತಾಗ ದೋಹಾದಲ್ಲಿ ಏಳು ಗಂಟೆ, ಹಾಸ್ಟೆಲಿನಲ್ಲಿ ಒಂಬತ್ತೂವರೆ. ಪಕ್ಕದ ಮಂಚದಲ್ಲಿ ರೂಮ್‌ಮೇಟ್ ಇದ್ದಾಳೆ. ‘ಊಟ ಆಯ್ತಾ? ಇಂಟರ್ನಲ್ಸ್ ಹೇಗಾಯ್ತು?’ ‘ಆಯ್ತು, ಚೆನ್ನಾಗಾಯ್ತು.’ ತನ್ನ ಫೀಸಿಗಾಗಿಯೇ ಅಪ್ಪ ಇನ್ನೂ ನಾಲ್ಕು ವರ್ಷ ಅಲ್ಲಿ ದುಡಿಯಬೇಕು ಎಂದು ಬಲ್ಲ ಮಗಳು ಬೇರೆ ಏನು ಹೇಳಿಯಾಳು? ದಿನವೂ ಮಾತಾಡಿದ ಸಮಾಧಾನ ಇಬ್ಬರಿಗೂ ಇರುತ್ತದೆ. ಹೇಳಬೇಕಾದದ್ದು ಮಾತ್ರ ಹೇಳದೆಯೇ ಉಳಿಯುತ್ತದೆ.

‘ನಮ್ಮ ಕಾಲದಲ್ಲಿ ನಾವು ಇದಕ್ಕಿಂತ ಹೆಚ್ಚು ಕಷ್ಟಪಟ್ಟಿಲ್ಲವೇ’ ಎಂಬ ಮಾತೂ ಕೇಳುತ್ತದೆ. ಪಟ್ಟಿರಬಹುದು. ಆದರೆ ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಇಪ್ಪತ್ತನಾಲ್ಕು ವಯಸ್ಸಿನೊಳಗೇ ತಲೆದೋರುತ್ತವೆ ಎಂಬುದು ವೈದ್ಯಲೋಕ ಕಂಡುಕೊಂಡ ಸಂಗತಿ. ಗಟ್ಟಿತನಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಕಾಯಿಲೆಯನ್ನು ಅನುಸರಿಸಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. 2022ರಲ್ಲಿ ಭಾರತದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ಡಾಕ್ಟರ ಬಳಿ ಹೋದರೆ ವಿಷಯ ನಾಲ್ಕು ಜನರಿಗೆ ತಿಳಿದೀತು, ಮುಂದೆ ಮದುವೆಗೆ ತೊಡಕಾದೀತು ಎಂಬ ಭಯಕ್ಕೆ ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಉತ್ತರವಿದೆ: ಚಿಕಿತ್ಸೆಯ ವಿವರ ಗುಟ್ಟಾಗಿರುವುದು ರೋಗಿಯ ಹಕ್ಕು.

ನನಗೆ ನಿಜಕ್ಕೂ ತೂಕದ್ದೆನಿಸುವ ಆಕ್ಷೇಪ ಬೇರೆಯದು. ದೋಹಾದ ಕನ್ನಡಿಗರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಸಂಘದ ಕಿವಿಗೆ ಬಿದ್ದ ವಿಷಯ ಶುಕ್ರವಾರದ ಊಟದ ಪಂಕ್ತಿಯಲ್ಲಿ ಮಾತಾಗದೆ ಉಳಿದೀತೇ? ಈ ಅಂಜಿಕೆ ಸರಿಯಾದದ್ದೇ. ಅದಕ್ಕಾಗಿಯೇ ಸಂಘ ಗುಟ್ಟು ಕೇಳುವ ಕೆಲಸಕ್ಕೆ ಹೋಗಬಾರದು, ದಾರಿ ತೋರಿಸುವ ಕೆಲಸವನ್ನಷ್ಟೇ ಮಾಡಬೇಕು. ವೈದ್ಯರಲ್ಲದವರೂ ಖಿನ್ನತೆಗೆ ನೆರವಾಗಬಲ್ಲರು ಎಂಬುದನ್ನು ಗೋವಾದ ಸಂಗಾತ್ ಸಂಸ್ಥೆಯ ಪ್ರಯೋಗಗಳು ತೋರಿಸಿವೆ, ನಿಜ. ಆದರೆ ಅಲ್ಲಿನವರು ತರಬೇತಿ ಪಡೆದು, ತಜ್ಞರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದವರು. ಒಳ್ಳೆಯ ಮನಸ್ಸಿನ ಹಿರಿಯರ ಬುದ್ಧಿಮಾತನ್ನು ಅದರ ಪಕ್ಕ ಇಡಲಾಗದು.

ಕರ್ನಾಟಕ ಸಂಘ, ತುಳು ಕೂಟದಂಥ ಸಂಘಟನೆಗಳಿಗೆ ಸಭಾಂಗಣ, ಸ್ವಯಂಸೇವಕರು, ಜನರ ನಂಬಿಕೆ ಎಲ್ಲವೂ ಇವೆ. ಮಕ್ಕಳು ಹೊರಡುವ ಮುನ್ನ, ಜೂನ್ ತಿಂಗಳ ಒಂದು ಶುಕ್ರವಾರ, ಮನೋವೈದ್ಯರೊಬ್ಬರನ್ನು ಕರೆಸಿ ಪೋಷಕರನ್ನೂ ಮಕ್ಕಳನ್ನೂ ಒಟ್ಟಿಗೆ ಕೂರಿಸಲಿ. ಕಾಲೇಜಿನ ಆಪ್ತಸಮಾಲೋಚಕರು ಯಾರು, ಹತ್ತಿರದ ಮನೋವೈದ್ಯಕೀಯ ವಿಭಾಗ ಎಲ್ಲಿದೆ, ಅರ್ಧ ಗಂಟೆಯಲ್ಲಿ ಹಾಸ್ಟೆಲಿಗೆ ಹೋಗಬಲ್ಲ ಸಂಬಂಧಿಕರು ಯಾರು ಎಂಬುದನ್ನು ಪ್ರತಿ ಕುಟುಂಬವೂ ಅಲ್ಲೇ ಬರೆದಿಟ್ಟುಕೊಳ್ಳಲಿ. ನಿದ್ದೆ ಕೆಟ್ಟರೆ, ತರಗತಿಗೆ ಹೋಗುವುದು ನಿಂತರೆ, ಬದುಕು ಸಾಕೆನಿಸಿದರೆ ಯಾರಿಗೆ ಮೊದಲು ಹೇಳಬೇಕೆಂದು ಮಗುವೇ ಆರಿಸಲಿ. ಅದು ಅಪ್ಪ ಅಮ್ಮನೇ ಆಗಬೇಕಿಲ್ಲ. ಒಂದು ಸೆಮಿಸ್ಟರ್ ಬಿಟ್ಟು ದೋಹಾಕ್ಕೆ ಮರಳಿದರೂ ಬೇಸರವಿಲ್ಲ ಎಂಬ ಮಾತನ್ನು ತಂದೆತಾಯಿ ಮೊದಲ ವರ್ಷದ ಫೀಸು ಕಟ್ಟುವ ದಿನವೇ ಬಾಯಿಬಿಟ್ಟು ಹೇಳಲಿ.